ಎಐ ಚಿತ್ರಕ್ಕೆ ನಾನು ಬೆಲೆ ಕಟ್ಟುವ ಬಗೆ

ಮುಂಬಯಿಯ ಮಾಟುಂಗಾದಲ್ಲಿ ಚಿತ್ರಗಳನ್ನು ಮುದ್ರಿಸಿ ಫ್ರೇಮು ಹಾಕಿಕೊಡುವ ಅಂಗಡಿ ನನ್ನದು. ಕೆಲವು ವರ್ಷಗಳಿಂದ ಎಐ ನೆರವಿನಿಂದ ಯಕ್ಷಗಾನದ ಚಿತ್ರಗಳನ್ನೂ ಮಾಡಿ ಮಾರುತ್ತಿದ್ದೇನೆ. ಅವುಗಳ ದರ ನಿರ್ಧರಿಸಲು ನನಗೆ ನೆರವಾದದ್ದು ಅಂಗಡಿಗೆ ಬಂದವರ ಮಾತುಗಳೇ.

ಹೋಟೆಲಿನವರಿಗೆ ಚಿತ್ರ ಯಾರದೆಂಬುದು ಮುಖ್ಯವಲ್ಲ. ಗೋಡೆಯ ಅಳತೆ ಹೇಳಿ, ಒರೆಸಿದರೆ ಬಣ್ಣ ಹೋಗುತ್ತದೆಯೇ ಎಂದು ವಿಚಾರಿಸಿ, ಚದರ ಅಡಿಯ ಲೆಕ್ಕದಲ್ಲಿ ಚೌಕಾಸಿಗೆ ಇಳಿಯುತ್ತಾರೆ. ಮನೆಗೆಂದು ಕೊಳ್ಳುವವರು ಹಾಗಲ್ಲ. ದೂರದಿಂದ ಮೆಚ್ಚಿ ಹತ್ತಿರ ಬಂದವರು, ಕೆಳಗಿನ ಚೀಟಿಯಲ್ಲಿ ‘ಎಐ ನೆರವಿನಿಂದ’ ಎಂದಿರುವುದನ್ನು ಓದಿದೊಡನೆ ಅರ್ಧ ಬೆಲೆಗೆ ಕೇಳತೊಡಗುತ್ತಾರೆ. 2023ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲೂ ಇದೇ ಒಲವು ಕಂಡುಬಂದಿದೆ: ಮನುಷ್ಯ ರಚಿಸಿದ್ದೆಂದು ಹೇಳಿದಾಗ ಮೆಚ್ಚಿಗೆ ಪಡೆದ ಚಿತ್ರವೇ ಎಐ ರಚಿಸಿದ್ದೆಂದು ಹೇಳಿದಾಗ ಜನರ ಕಣ್ಣಿಗೆ ಕಳಪೆಯಾಗಿ ಕಂಡಿತು. ಆದರೂ ನಾನು ಚೀಟಿಯನ್ನು ತೆಗೆದಿಲ್ಲ, ತೆಗೆಯುವುದೂ ಇಲ್ಲ.

ಕ್ರಿಸ್ಟೀಸ್ ಎಂಬ ಹರಾಜು ಸಂಸ್ಥೆಯ ಉದಾಹರಣೆ ಕೊಟ್ಟು ನನ್ನನ್ನು ಹುರಿದುಂಬಿಸುವವರೂ ಇದ್ದಾರೆ. 2018ರಲ್ಲಿ ನ್ಯೂಯಾರ್ಕಿನಲ್ಲಿ, 7,000ದಿಂದ 10,000 ಡಾಲರ್ ಬರಬಹುದೆಂದು ಅಂದಾಜು ಮಾಡಿದ್ದ, ಎಐ ನೆರವಿನಿಂದ ರಚಿಸಿದ ‘ಎಡ್ಮಂಡ್ ಡಿ ಬೆಲಾಮಿ’ ಭಾವಚಿತ್ರ 4,32,500 ಡಾಲರಿಗೆ ಮಾರಾಟವಾಯಿತು. ದೊಡ್ಡ ಹರಾಜು ಸಂಸ್ಥೆಯೊಂದು ಅಂಥ ಚಿತ್ರವನ್ನು ಮೊದಲ ಬಾರಿಗೆ ಮಾರಿತೆಂಬ ಸುದ್ದಿಗೇ ಆ ಮೊತ್ತದ ಬಹುಪಾಲು ಸಂದಿತೆಂದು ನನ್ನ ಎಣಿಕೆ. ‘ಮೊದಲನೆಯದು’ ಎಂಬ ಪಟ್ಟ ಎರಡು ಸಲ ಸಿಗುವಂಥದ್ದಲ್ಲ.

ನನ್ನ ಚಿತ್ರಕ್ಕೆ ಬೆಲೆ ಬಂದದ್ದು ಬೇರೆ ದಾರಿಯಿಂದ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಅಭಿಮನ್ಯುವನ್ನು ಕೇಳಿದರೆ ಎಐ ಅವನಿಗೆ ಕಥಕ್ಕಳಿಯ ಕಿರೀಟವಿಟ್ಟು, ಮುಖಕ್ಕೆ ಹಸಿರು ಬಳಿದು ಕೊಡುತ್ತದೆ. ಹಿನ್ನೆಲೆಯ ಬೆಳಕನ್ನೂ ಮೈಯ ನಿಲುವನ್ನೂ ಉಳಿಸಿಕೊಂಡು, ತರುಣ ವೇಷದ ತಲೆಯುಡುಗೆಯಾದ ಕೇದಗೆ ಮುಂದಲೆಯನ್ನು, ಅದರ ಜರಿಪಟ್ಟಿಯ ಒಂದೊಂದು ಸುತ್ತನ್ನೂ, ಟ್ಯಾಬ್ಲೆಟ್ಟಿನ ಮೇಲೆ ನಾನೇ ಹೊಸದಾಗಿ ಬರೆಯುತ್ತೇನೆ. ಈಗ ಯಂತ್ರ ಕೊಟ್ಟ ಮೂಲವನ್ನು ಅಂಗೈಯಗಲ ಮುದ್ರಿಸಿ ಚಿತ್ರದ ಪಕ್ಕದಲ್ಲೇ ತೂಗುಹಾಕಿದ್ದೇನೆ. ಕುಂದಾಪುರದ ಕಡೆಯ ಹಿರಿಯರೊಬ್ಬರು ಎರಡನ್ನೂ ನೋಡಿ, ಯಂತ್ರದ ಮೂಲದತ್ತ ಕೈ ತೋರಿಸಿ, “ಇದನ್ನು ಕಂಡರೆ ನಮ್ಮ ಭಾಗವತರು ಪದ ಹೇಳುವುದನ್ನೇ ನಿಲ್ಲಿಸಿಯಾರು ಮಾರಾಯ್ರೆ, ಅದನ್ನು ಕಟ್ಟಿಕೊಡಿ” ಎಂದು ಚೌಕಾಸಿಯಿಲ್ಲದೆ ದೊಡ್ಡದನ್ನು ಕೊಂಡರು. ಯಕ್ಷಗಾನ ನೋಡಿದವರಿಗೆ ಬೆಲೆ ಎಲ್ಲಿದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ನೋಡದವರು ಮಾತ್ರ ಹಸಿರು ಮುಖವೇ ಚೆನ್ನಾಗಿದೆ ಎನ್ನುವುದುಂಟು. ಅವರಿಗೆ ಅದನ್ನು ಮಾರುವ ಮನಸ್ಸು ನನಗಿಲ್ಲ.

ಹೀಗಾಗಿ ಬಿಲ್ಲಿನಲ್ಲಿ ಕಾಗದ, ಮುದ್ರಣ ಮತ್ತು ಫ್ರೇಮಿನ ಖರ್ಚನ್ನು ಒಂದು ಸಾಲಿನಲ್ಲಿ, ಕೈಯಿಂದ ತಿದ್ದಿದ ಗಂಟೆಗಳ ಮಜೂರಿಯನ್ನು ಇನ್ನೊಂದು ಸಾಲಿನಲ್ಲಿ ಬರೆಯುತ್ತೇನೆ. ಯಂತ್ರ ಕೊಟ್ಟ ಭಾಗಕ್ಕೆ ಏನನ್ನೂ ಹಾಕುವುದಿಲ್ಲ. ಪ್ರತಿಗಳ ಸಂಖ್ಯೆಯನ್ನು ಮೊದಲೇ ಗೊತ್ತುಮಾಡಿ, ಅಂಚಿನಲ್ಲಿ ಪೆನ್ಸಿಲಿನಿಂದ ಕ್ರಮಾಂಕ ಬರೆದು ಸಹಿ ಹಾಕುತ್ತೇನೆ. ಮೂಲ ಫೈಲನ್ನು ಎಷ್ಟು ಕೊಡುತ್ತೇವೆಂದರೂ ಮಾರುವುದಿಲ್ಲ.