ರೆಪ್ಪೆಯ ಕಪ್ಪು ಗೆರೆ: ಲೇಸರ್ ಬಿಟ್ಟ ಮೇಲೆ ಕೈಹಿಡಿದ ದಾರಿ

ಒಬ್ಬ ಅಕ್ಕ, ಕುಂದಾಪುರದ ಕಡೆಯವರು, ಬ್ಯಾಂಕಿನಲ್ಲಿ ಕೆಲಸ. ಮೇಲಿನ ರೆಪ್ಪೆ ಜೋತುಬಿದ್ದಿದೆ ಎಂದು ಬೇರೆ ಊರಿನಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು. ಹೇಗೂ ಮಲಗಿದ್ದೇನಲ್ಲ ಎಂದು ಕಣ್ಣಿನ ಕೆಳಗೆ ಊದಿಕೊಂಡ ಚೀಲವನ್ನೂ ತೆಗೆಸಿದ್ದರು. ಉಡುಪಿಯ ನನ್ನ ಚರ್ಮದ ಕ್ಲಿನಿಕ್ಕಿಗೆ ಬರುವಾಗ ನಾಲ್ಕು ತಿಂಗಳಾಗಿತ್ತು. ರೆಪ್ಪೆಗೂದಲಿನ ಬುಡದಲ್ಲಿ ಪೆನ್ಸಿಲಿನಿಂದ ಎಳೆದ ಹಾಗೆ ಒಂದು ಗೆರೆ. ಅದರ ಕೆಳಗೆ ಹೆಬ್ಬೆರಳಿನಷ್ಟು ಅಗಲಕ್ಕೆ ಕಪ್ಪು.

"ಇದು ಹೋಗ್ತದಾ ಡಾಕ್ಟ್ರೆ? ಕೌಂಟರಿನಲ್ಲಿ ಕೂತರೆ ಬಂದವರೆಲ್ಲ ಎಂತ ಆಯ್ತು ಅಂತ ಕೇಳ್ತಾರೆ."

ಹೋಗ್ತದೆ ಎಂದುಬಿಟ್ಟೆ. ಆಗಷ್ಟೇ ಚರ್ಮದ ಕಪ್ಪು ತೆಗೆಯುವ ಕ್ಯೂ-ಸ್ವಿಚ್ಡ್ ಎನ್‌ಡಿ ಯಾಗ್ ಲೇಸರ್ ತಂದಿದ್ದೆ. ಸುಮಾರು ₹9 ಲಕ್ಷ. ಅದರಲ್ಲಿ ₹7 ಲಕ್ಷ ಸಾಲ, ತಿಂಗಳಿಗೆ ₹23,000ದ ಹತ್ತಿರ ಕಂತು, ಮೂರು ವರ್ಷ. ಕಂತು ತಲೆಯ ಮೇಲಿದ್ದಾಗ ಯಾವ ಕಪ್ಪು ಕಂಡರೂ ಮೆಷಿನ್ನೇ ನೆನಪಾಗುತ್ತದೆ. ಕಣ್ಣಿಗೆ ಲೋಹದ ಶೀಲ್ಡ್ ಹಾಕಿ, ಕಡಿಮೆ ಶಕ್ತಿಯಲ್ಲಿ, 15 ದಿನಕ್ಕೊಮ್ಮೆ ಮಾಡಿದೆ. ಮೂರು ಸಿಟ್ಟಿಂಗ್ ಮುಗಿಯುವಾಗ ಚೆನ್ನಾಗಿ ತಿಳಿಯಾಗಿತ್ತು. ಐದನೆಯದಕ್ಕೆ ಬಂದವರನ್ನು ನೋಡಿ ನನ್ನ ಎದೆ ಧಸಕ್ ಎಂದಿತು. ಮೊದಲಿಗಿಂತ ಕಪ್ಪು. ಜೊತೆಗೆ ಬಲಗಣ್ಣಿನ ಕೆಳಗೆ ಅಕ್ಕಿಕಾಳಿನಷ್ಟು ದೊಡ್ಡ ಎರಡು ಬಿಳಿ ಚುಕ್ಕೆ.

ಕಟ್ಟಿದ್ದ ₹18,000 ಲಕೋಟೆಯಲ್ಲಿ ಹಾಕಿ ಮೇಜಿನ ಮೇಲಿಟ್ಟೆ. ಅವರು ಅದನ್ನು ನನ್ನ ಕಡೆಗೇ ದೂಡಿದರು. "ದುಡ್ಡು ಬೇಡ, ಮುಖ ಸರಿ ಮಾಡಿ ಕೊಡಿ" ಎಂದರು. ಆ ಲಕೋಟೆ ಒಂದು ವಾರ ನನ್ನ ಡ್ರಾಯರಿನಲ್ಲೇ ಇತ್ತು. ಆಮೇಲೆ ಅವರ ಖಾತೆಗೆ ಹಾಕಿದೆ.

ಲೇಸರಿಗೆ ಮೊದಲು ಬೇರೆ ರೋಗಿಗಳಿಗೆ ಕೊಟ್ಟ ಕ್ರೀಮುಗಳಲ್ಲೂ ಸೋತಿದ್ದೆ. ಬಣ್ಣ ತಿಳಿಮಾಡುವ ಹೈಡ್ರೋಕ್ವಿನೋನ್ 4% ಹಚ್ಚಿಸಿದರೆ ಹತ್ತು ದಿನದಲ್ಲಿ ಉರಿ, ಕೆಂಪು, ಸಿಪ್ಪೆ. ಸಿಪ್ಪೆ ಉದುರಿದ ಕಡೆ ಇನ್ನಷ್ಟು ಕಪ್ಪು. ಸ್ಟೆರಾಯ್ಡ್ ಸೇರಿದ, ಮೂರು ಮದ್ದುಗಳ ಮಿಶ್ರಣದ ಕ್ರೀಮನ್ನು ಕಣ್ಣಿನ ಹತ್ತಿರ ಕೊಟ್ಟದ್ದಂತೂ ದೊಡ್ಡ ತಪ್ಪು. ಬೇಗ ತಿಳಿಯಾಗುತ್ತದೆ ನಿಜ. ಆದರೆ ಒಬ್ಬರಿಗೆ ಕಣ್ಣಿನ ಒತ್ತಡ ಏರಿತು. ಅವರು ಕನ್ನಡಕ ಬದಲಿಸಲು ಹೋದಾಗ ಅದು ಗೊತ್ತಾಯಿತು, ದೇವರು ದೊಡ್ಡವನು. ಅಂದಿನಿಂದ ರೆಪ್ಪೆಯ ಹತ್ತಿರ ಆ ಟ್ಯೂಬನ್ನು ನಾನು ಬರೆಯುವುದೇ ಇಲ್ಲ. ಆ್ಯಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವ ಗ್ಲೈಕೋಲಿಕ್ ಪೀಲ್ ಕೂಡ ಎರಡು ಸಲ ಮಾಡಿ ಕೈಬಿಟ್ಟೆ.

ಬ್ಯಾಂಕಿನ ಅಕ್ಕನ ಮುಖ ಹಾಗೆ ಆದ ಮೇಲೆ ಮೊದಲು ನೋಡುವುದನ್ನು ಕಲಿತೆ. ನಾವು ಚರ್ಮದ ಡಾಕ್ಟರುಗಳೆಲ್ಲ ಪಿಐಎಚ್ (ಉರಿಯೂತ ಆದ ಮೇಲೆ ಉಳಿಯುವ ಕಪ್ಪು) ಎಂದು ಚೀಟಿಯಲ್ಲಿ ಬರೆದು ಮುಗಿಸುತ್ತೇವಲ್ವಾ, ಅಲ್ಲೇ ಎಡವುವುದು. ಕಪ್ಪು ಅಂದರೆ ಒಂದೇ ಕಪ್ಪಲ್ಲ. ಈಗ ಗಾಜಿನ ಸ್ಲೈಡ್ ತೆಗೆದು ಕೆಳರೆಪ್ಪೆಯ ಮೇಲೆ ಮೆಲ್ಲಗೆ ಒತ್ತುತ್ತೇನೆ. ಬಣ್ಣ ಮಾಯವಾದರೆ ಅದು ರಕ್ತನಾಳದ ಕೆಂಪು, ನಮ್ಮ ಬಣ್ಣದ ಚರ್ಮದಲ್ಲಿ ಅದೂ ಕಂದಾಗಿಯೇ ಕಾಣುತ್ತದೆ. ಆಮೇಲೆ ಎರಡು ಬೆರಳಿನಿಂದ ಚರ್ಮ ಎಳೆದು ಹಿಡಿಯುತ್ತೇನೆ. ಎಳೆದಾಗ ಹೋದರೆ ಅದು ನೆರಳು, ಯಾವ ಮದ್ದಿಗೂ ಹೋಗುವುದಲ್ಲ. ತುಕ್ಕಿನ ಬಣ್ಣ ಇದ್ದು, ಆಪರೇಷನ್ ಆದಾಗ ಕಣ್ಣು ತುಂಬಾ ನೀಲಿಗಟ್ಟಿತ್ತು ಎಂದರೆ ಅದು ರಕ್ತ ಸೋರಿ ಉಳಿದ ಕಬ್ಬಿಣದ ಕಲೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತೆಗೆಯುವ ಕ್ರೀಮು ಅದಕ್ಕೆ ತಾಗುವುದೇ ಇಲ್ಲ. ಇಷ್ಟೆಲ್ಲ ಕಳೆದು ಉಳಿದದ್ದು ಮಾತ್ರ ನಿಜವಾದ ಮೆಲನಿನ್.

ಇನ್ನೊಂದು ಸಂಗತಿ. ಹಳೆಯ ಫೋಟೋ ತರಲು ಹೇಳಿ, ಮದುವೆಯ ಆಲ್ಬಮ್ ಆದರೂ ಸರಿ. ಅರ್ಧದಷ್ಟು ಜನರಿಗೆ ಕಣ್ಣಿನ ಸುತ್ತ ಕಪ್ಪು ಮೊದಲೇ ಇರುತ್ತದೆ, ಅವರ ಅಮ್ಮನಿಗೂ ಇರುತ್ತದೆ. ಜೋತ ಚರ್ಮ ಹೋದ ಮೇಲೆ ಅದು ಎದ್ದು ಕಾಣುತ್ತದೆ, ಅಷ್ಟೇ. ಇದನ್ನು ಮೊದಲ ದಿನವೇ ಫೋಟೋ ಇಟ್ಟು ತೋರಿಸಿದರೆ ಮುಂದಿನ ಒಂದು ವರ್ಷದ ಜಗಳ ತಪ್ಪುತ್ತದೆ.

ಬ್ಯಾಂಕಿನ ಅಕ್ಕನನ್ನು ಮತ್ತೆ ಕೂರಿಸಿ, ಏನೇನು ಹಚ್ಚುತ್ತೀರಿ, ಚೀಲದಲ್ಲಿರುವುದನ್ನೆಲ್ಲ ಹೊರಗೆ ಹಾಕಿ ಎಂದೆ. ಕಾಡಿಗೆ, ಎರಡು ಸೀರಮ್, ಪಾರ್ಲರಿನವರು ಕೊಟ್ಟ ಯಾವುದೋ ಡಬ್ಬಿ. ಕೊನೆಗೆ ಒಂದು ಮುದುಡಿದ ಟ್ಯೂಬ್. ಹೊಲಿಗೆ ಬಿಚ್ಚುವಾಗ ಕೊಟ್ಟ ಆ್ಯಂಟಿಬಯಾಟಿಕ್ ಆಯಿಂಟ್‌ಮೆಂಟ್, ನಿಯೋಮೈಸಿನ್ ಇದ್ದದ್ದು. ಒಂದು ವಾರಕ್ಕೆ ಕೊಟ್ಟದ್ದನ್ನು ಇವರು ಗಾಯದ ಮುಲಾಮು ಎಂದು ಆರು ತಿಂಗಳಿನಿಂದ ಹಚ್ಚುತ್ತಲೇ ಇದ್ದರು. ಬೆನ್ನಿಗೆ ಅಂಟಿಸಿ ಅಲರ್ಜಿ ನೋಡುವ ಪ್ಯಾಚ್ ಟೆಸ್ಟ್ ಮಾಡಿದರೆ ನಿಯೋಮೈಸಿನ್‌ಗೆ ಚೆನ್ನಾಗಿ ಎದ್ದಿತು. ಅಂದರೆ ಒಳಗೊಳಗೇ ಅಲರ್ಜಿ ಉರಿಯುತ್ತಿತ್ತು, ಅದರ ಮೇಲೆ ನಾನು ಲೇಸರ್ ಹೊಡೆದಿದ್ದೆ. ಉರಿ ಇರುವ ತನಕ ನಮ್ಮ ಚರ್ಮ ಬಣ್ಣ ಮಾಡುತ್ತಲೇ ಇರುತ್ತದೆ. ಮೊದಲು ಉರಿ ಆರಬೇಕು, ಬಣ್ಣದ ಮಾತು ಆಮೇಲೆ.

ಆದ್ದರಿಂದ ಮೊದಲ ಮೂರು ತಿಂಗಳು ಬಣ್ಣ ತೆಗೆಯುವ ಮದ್ದು ಯಾವುದೂ ಇಲ್ಲ. ಕಾಡಿಗೆ ಬೇಡ. ಉಗುರುಬಣ್ಣವೂ ಬೇಡ, ಅದರ ಅಲರ್ಜಿ ಬೆರಳಿಗಿಂತ ರೆಪ್ಪೆಯಲ್ಲೇ ಜಾಸ್ತಿ ಕಾಣುವುದು. ಕೂದಲಿನ ಡೈ ನಿಲ್ಲಿಸಿ. ಮುಖ ಒರೆಸುವ ಬೈರಾಸಿನ ವಿಷಯವನ್ನು ಬಿಡಿಸಿ ಕೇಳಿ. ನಮ್ಮ ಕರಾವಳಿಯ ಸೆಕೆಯಲ್ಲಿ ಜನ ದಿನಕ್ಕೆ ಇಪ್ಪತ್ತು ಸಲ ಕಣ್ಣು ಒರೆಸುತ್ತಾರೆ, ಒರೆಸುವುದಲ್ಲ, ತಿಕ್ಕುತ್ತಾರೆ. ತಿಕ್ಕುವುದು ನಿಂತರೆ ಅರ್ಧ ಕೆಲಸ ಆದ ಹಾಗೆ. ರಾತ್ರಿ ತೆಳುವಾಗಿ ವ್ಯಾಸಲಿನ್. ಹೊಲಿಗೆಯ ಗೆರೆಗೆ ಮಾತ್ರ ಸಿಲಿಕೋನ್ ಜೆಲ್, ದಿನಕ್ಕೆ ಎರಡು ಸಲ, ಒಣಗುವ ತನಕ ಕಣ್ಣು ಮುಚ್ಚಿ. ಸಿಲಿಕೋನ್ ಟೇಪ್ ನಮ್ಮಲ್ಲಿ ನಡೆಯುವುದಿಲ್ಲ, ಮಧ್ಯಾಹ್ನದೊಳಗೆ ಬೆವರಿಗೆ ಕಿತ್ತು ಬರುತ್ತದೆ.

ಬಿಸಿಲಿನ ವಿಷಯದಲ್ಲಿ ನಾನು ಹಟವಾದಿ. ನಮ್ಮ ಚರ್ಮವನ್ನು ಕಪ್ಪು ಮಾಡುವುದು ಬಿಸಿಲಿನ ಯುವಿ (ಅತಿನೇರಳೆ) ಕಿರಣ ಒಂದೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಮಾಡುತ್ತದೆ. ಬಿಳಿ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ಕಬ್ಬಿಣದ ಆಕ್ಸೈಡ್ ಸೇರಿದ, ಮೈಬಣ್ಣದ ಸನ್‌ಸ್ಕ್ರೀನೇ ಬೇಕು. ಜಿಂಕ್ ಇರುವುದಾದರೆ ಬೆವರಿನ ಜೊತೆ ಕಣ್ಣಿಗೆ ಇಳಿದರೂ ಉರಿ ಕಡಿಮೆ. ಒಂದು ಟ್ಯೂಬಿಗೆ ₹600–700, ಒಂದೂವರೆ ತಿಂಗಳು ಬರುತ್ತದೆ. ಅದಕ್ಕಿಂತ ಮುಖ್ಯ ದೊಡ್ಡ ಕಪ್ಪು ಕನ್ನಡಕ, ಬದಿಯೂ ಮುಚ್ಚುವಂಥದ್ದು. ಮಲ್ಪೆಯಲ್ಲಿ ಬೋಟಿನ ಲೆಕ್ಕ ಬರೆಯುವ ಒಬ್ಬರು ಕ್ರೀಮ್ ತಪ್ಪಿಸಿದರೂ ಕನ್ನಡಕ ತಪ್ಪಿಸಲಿಲ್ಲ. ನೀರಿನ ಮೇಲಿಂದ ಚಿಮ್ಮುವ ಬೆಳಕಿನಲ್ಲಿ ದಿನವಿಡೀ ಕೂರುವ ಅವರು, ಒಳಗೆ ಕೂತು ಕೆಲಸ ಮಾಡುವವರಿಗಿಂತ ಬೇಗ ತಿಳಿಯಾದರು.

ಮೂರು ತಿಂಗಳ ಮೇಲೆ ಬಣ್ಣ ತಿಳಿಮಾಡುವ ಅಜೆಲಾಯಿಕ್ ಆ್ಯಸಿಡ್ 10%. ವಾರಕ್ಕೆ ಎರಡು ರಾತ್ರಿಯಿಂದ ಶುರು. ಕಣ್ಣಿನ ಗುಂಡಿಯ ಎಲುಬಿನ ಅಂಚಿನವರೆಗೆ ಮಾತ್ರ, ರೆಪ್ಪೆಯ ಅಂಚಿಗೆ ಬೇಡ. ಉರಿದರೆ ಒಂದು ವಾರ ರಜೆ. ಅದರ ಜೊತೆ ಇನ್ನೊಂದನ್ನು ಬೆರೆಸುತ್ತೇನೆ. ಅದೇನು, ಎಷ್ಟು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎದುರಿಗೆ ರೋಗಿಯನ್ನು ಇಟ್ಟುಕೊಂಡು ಕಲಿಯಬೇಕಾದದ್ದು ಅದು. ಉಡುಪಿಗೆ ಬಂದರೆ ಖಂಡಿತ ತೋರಿಸುತ್ತೇನೆ. ಹೊಲಿಗೆಯ ಗೆರೆಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗುಳ್ಳೆ ಏಳುತ್ತದಲ್ಲ, ಆ ಮಿಲಿಯಾವನ್ನು ಗುರುತು ಉಳಿಯದ ಹಾಗೆ ತೆಗೆಯಲು ಸೂಜಿ ಹಿಡಿಯುವ ಒಂದು ಕ್ರಮ ಉಂಟು. ಅದೂ ಹಾಗೆಯೇ.

ಈ ಕ್ರಮ ಹೇಳಿದಾಗ ಯಾರೂ ಒಪ್ಪಲಿಲ್ಲ. ಮಂಗಳೂರಿನ ಒಬ್ಬ ಸರ್ಜನ್, "ನಮ್ಮವರ ಚರ್ಮಕ್ಕೆ ಇದು ಬಂದೇ ಬರ್ತದೆ ಮಾರಾಯ್ರೆ, ವರ್ಷ ಕಾದರೆ ಸಾಕು, ನಿಮ್ಮ ಕ್ರಮ ಎಂತಕ್ಕೆ?" ಎಂದರು. ನನ್ನ ಜೊತೆ ಓದಿದವನೊಬ್ಬ, ಮೂರು ತಿಂಗಳು ವ್ಯಾಸಲಿನ್ ಹಚ್ಚು ಎಂದರೆ ರೋಗಿಗಳು ಬೇರೆ ಡಾಕ್ಟರನ್ನು ಹುಡುಕಿ ಮಂಗಳೂರಿನ ಹಂಪನಕಟ್ಟೆಯ ಬಸ್ ಹತ್ತುತ್ತಾರೆ ಎಂದ. ಹತ್ತಿದವರೂ ಇದ್ದರು. ದುಡ್ಡಿನ ಲೆಕ್ಕವೂ ಇಷ್ಟೇ: ಲೇಸರ್ ಮಾಡಿದ್ದರೆ ಒಬ್ಬರಿಂದ ₹20,000ದಷ್ಟು ಬರುತ್ತಿತ್ತು. ಈಗ ಎಂಟು ಭೇಟಿಗೆ ₹400ರಂತೆ ₹3,200. ಆ ವರ್ಷ ಕಂತು ಕಟ್ಟಲು ಮೊಡವೆ ಗುಳಿ ಮತ್ತು ಕೂದಲಿನ ರೋಗಿಗಳೇ ನನ್ನನ್ನು ಕಾಪಾಡಿದ್ದು. ಲೇಸರನ್ನು ರೆಪ್ಪೆಗೆ ಪೂರ್ತಿ ಬಿಟ್ಟಿಲ್ಲ. ತುಕ್ಕಿನ ಬಣ್ಣ ವರ್ಷ ಕಳೆದರೂ ಹೋಗದಿದ್ದರೆ, ಚಿಕ್ಕ ಜಾಗದಲ್ಲಿ ಒಮ್ಮೆ ಹೊಡೆದು, ಆರು ವಾರ ಕಾದು, ಆಮೇಲೆ ಮುಂದಿನದು. ಹೀಗೆ ಮಾಡಿದ್ದು ಬರೀ ನಾಲ್ಕು ಜನರಿಗೆ.

ಈ ನಡುವೆ ಒಬ್ಬ ಯಕ್ಷಗಾನ ಕಲಾವಿದರು ಬಂದರು. ಮಳೆಗಾಲದ ಬಿಡುವಿನಲ್ಲಿ ಎರಡೂ ಮೇಲ್ರೆಪ್ಪೆ ಸರಿಮಾಡಿಸಿಕೊಂಡಿದ್ದರು. ದೀಪಾವಳಿ ಕಳೆದು ಮೇಳದ ತಿರುಗಾಟ ಶುರುವಾದ ಮೇಲೆ ಗೆರೆ ದಪ್ಪ ಕಪ್ಪಾಯಿತು. ವೇಷದ ಬಣ್ಣದ್ದೇ ಅಲರ್ಜಿ ಎಂದು ನನ್ನ ಲೆಕ್ಕ. ಅವರ ಬಣ್ಣಗಳನ್ನೇ ತರಿಸಿ ಪ್ಯಾಚ್ ಹಾಕಿದೆ, ಒಂದಕ್ಕೂ ಏಳಲಿಲ್ಲ. ಒಂದು ರಾತ್ರಿ ಅವರ ಆಟಕ್ಕೆ ಹೋಗಿ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತೆ. ವೇಷ ಕಳಚಿದ ಮೇಲೆ ಅಂಗೈ ತುಂಬ ತೆಂಗಿನೆಣ್ಣೆ ಸುರಿದು, ಹಳೆಯ ಪಂಚೆಯ ತುಂಡಿನಲ್ಲಿ ಕಣ್ಣನ್ನು ಗಸಗಸ ಉಜ್ಜಿದರು. ರೆಪ್ಪೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ವಾರಕ್ಕೆ ಆರು ರಾತ್ರಿ ಇದೇ. ನಾನೇ ಎದ್ದು ಹೋಗಿ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಟ್ಟೆ. ಬಣ್ಣ ತಾನಾಗಿ ಸಡಿಲಿ ಹತ್ತಿಗೆ ಬಂತು. "ಇಷ್ಟೇನಾ?" ಎಂದರು. ಮೇ ಕೊನೆಯ ಪತ್ತನಾಜೆಗೆ ತಿರುಗಾಟ ಮುಗಿದು ಗೆಜ್ಜೆ ಬಿಚ್ಚುವಾಗಲೇ ಅರ್ಧ ತಿಳಿಯಾಗಿತ್ತು. ಮಳೆಗಾಲದಲ್ಲಿ ಉಳಿದದ್ದೂ ಹೋಯಿತು.

ತೆಂಗಿನೆಣ್ಣೆಯ ಮಾತು ಬಂತು. ವ್ಯಾಸಲಿನ್ ಬದಲು ಅದನ್ನೇ ಹಚ್ಚಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಆರು ಜನರಿಗೆ ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು ಕೊಟ್ಟು ನೋಡಿದೆ. ಎರಡು ತಿಂಗಳಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ಒಳ್ಳೆಯ ಎಣ್ಣೆ ಇದ್ದರೆ ಹಚ್ಚಲಿ. ಅರಿಶಿನ, ನಿಂಬೆರಸ ಮಾತ್ರ ಬೇಡವೇ ಬೇಡ. ನಿಂಬೆ ಹಚ್ಚಿ ಬಿಸಿಲಿಗೆ ಹೋಗಿ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ.

ಇನ್ನೊಬ್ಬರು ಕಾಪುವಿನ ನಿವೃತ್ತ ಮೇಷ್ಟ್ರು. ಎಲ್ಲ ಸರಿ ಮಾಡಿದರೂ ಎಂಟು ತಿಂಗಳು ಅವರ ರೆಪ್ಪೆ ಕಪ್ಪಾಗುತ್ತಲೇ ಹೋಯಿತು. ಹೊಲಿಗೆ ಇಲ್ಲದ ಜಾಗವೂ ಕಪ್ಪು, ರೆಪ್ಪೆಗೂದಲು ಮಾತ್ರ ಹುಡುಗಿಯರ ಹಾಗೆ ಉದ್ದ. ಆ ಕೂದಲು ನೋಡಿ ನನಗೆ ಹೊಳೆಯಿತು. ಗ್ಲೊಕೋಮಾಕ್ಕೆ (ಕಣ್ಣಿನ ನರ ಹಾಳಾಗುವ ಕಾಯಿಲೆ) ಬೈಮ್ಯಾಟೊಪ್ರಾಸ್ಟ್ ಎಂಬ ಹನಿ ಹಾಕುತ್ತಿದ್ದರು. ಆ ಗುಂಪಿನ ಹನಿಗಳು ರೆಪ್ಪೆಯನ್ನು ಕಪ್ಪು ಮಾಡುತ್ತವೆ, ಕೂದಲನ್ನು ಉದ್ದ ಮಾಡುತ್ತವೆ. ಹನಿ ನಿಲ್ಲಿಸಿ ಎಂದು ನಾವು ಹೇಳಬಾರದು, ಕಣ್ಣೇ ಹೋದೀತು. ಅವರ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೇರೆ ಗುಂಪಿನ ಹನಿಗೆ ಬದಲಿಸಿದರು. ನಾನು ಏನೂ ಹಚ್ಚದೆ, ಐದಾರು ತಿಂಗಳಲ್ಲಿ ತಿಳಿಯಾಯಿತು.

ಇಲ್ಲಿಯ ತನಕ 35–40 ಜನರಾಗಿರಬಹುದು. ಹತ್ತರಲ್ಲಿ ಏಳು ಮಂದಿಗೆ ಒಂಬತ್ತು ತಿಂಗಳೊಳಗೆ, ಮಾತನಾಡುವಷ್ಟು ದೂರದಿಂದ ಗೆರೆ ಕಾಣುವುದಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಫೋಟೋಗಳೆಲ್ಲ ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದೇ ಕುರ್ಚಿಯಲ್ಲಿ, ಸಂಜೆ ನಾಲ್ಕರ ಹೊತ್ತಿಗೆ ತೆಗೆದದ್ದು. ರಿಂಗ್ ಲೈಟ್ ಹಾಕಿದರೆ ಯಾರ ಕಪ್ಪೂ ಮಾಯ, ಅದು ಲೆಕ್ಕಕ್ಕಿಲ್ಲ.

ಬ್ಯಾಂಕಿನ ಅಕ್ಕನಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಒಂದು ಬಿಳಿ ಚುಕ್ಕೆ ಮುಚ್ಚಿತು, ಇನ್ನೊಂದು ಸಣ್ಣದಾಗಿ ಉಳಿದಿದೆ. ಅದು ನನ್ನ ಲೇಸರಿನ ಗುರುತು, ಅವರು ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಈಗ ಕೌಂಟರಿನಲ್ಲಿ ಯಾರೂ ಕೇಳುವುದಿಲ್ಲವಂತೆ.

ಮಂಗಳೂರಿನ ಆ ಸರ್ಜನ್ ಕಳೆದ ತಿಂಗಳು ತಮ್ಮ ಅತ್ತಿಗೆಯನ್ನೇ ಕಳಿಸಿದ್ದರು. ಹೊಲಿಗೆ ಬಿಚ್ಚಿ ಮೂರು ದಿನ ಆಗಿತ್ತಷ್ಟೆ. ಚೀಟಿಯಲ್ಲಿ ನಿಯೋಮೈಸಿನ್ ಇರಲಿಲ್ಲ, ಮೂಗಿನ ಮೇಲೆ ದೊಡ್ಡ ಕಪ್ಪು ಕನ್ನಡಕ ಇತ್ತು.