ಫೋರ್ ವೀಲ್ ಡ್ರೈವ್ ದೀಪ ಮಿನುಗಿದರೆ ಮೊದಲು ಏನು ನೋಡಬೇಕು?

ಮಿರಗದ (ಮೃಗಶಿರಾ) ಮಳೆ ಬಿದ್ದು ಎರೆ (ಕಪ್ಪು ಮಣ್ಣಿನ) ಹೊಲದ ದಾರಿಗಳು ಹಸಿಯಾದಾಗ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತರಿಗೆ ಪಿಕಪ್ ಗಾಡಿಯ ಮುಂದಿನ ಗಾಲಿಗಳ ನೆನಪಾಗುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಒಣ ರಸ್ತೆಯಲ್ಲೇ ಓಡಿದ ಗಾಡಿಯ ಫೋರ್ ವೀಲ್ ಡ್ರೈವನ್ನು, ಎಂದರೆ ನಾಲ್ಕೂ ಗಾಲಿಗಳಿಗೆ ಶಕ್ತಿ ಕೊಡುವ ವ್ಯವಸ್ಥೆಯನ್ನು, ಆರು ತಿಂಗಳು ಯಾರೂ ಮುಟ್ಟಿರುವುದಿಲ್ಲ. ಗಾಲಿ ಹೂತ ದಿನ ನಾಬ್ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪ ಮಿನುಗುತ್ತಲೇ ಇರುತ್ತದೆ, ಮುಂದಿನ ಗಾಲಿಗಳು ಮಾತ್ರ ಎಳೆಯುವುದಿಲ್ಲ. ಖಾನಾಪುರದಾಚೆ ಜಾಂಬೋಟಿ, ಕಣಕುಂಬಿಯ ಮಳೆಯಲ್ಲಿ ಓಡಾಡುವವರ ತೊಂದರೆ ಬೇರೆ. ಅಲ್ಲಿ ಹಳ್ಳ ದಾಟಿದ ಮರುದಿನ ದೀಪ ಹತ್ತಿಕೊಳ್ಳುತ್ತದೆ.

ಎರಡೂ ಸಂದರ್ಭಗಳಲ್ಲಿ ಗಾಡಿಯನ್ನು ನೇರವಾಗಿ ಗ್ಯಾರೇಜಿಗೆ ಒಯ್ದು ‘ಏನಾಗಿದೆಯೋ ನೋಡಿ’ ಎಂದು ಬಿಟ್ಟು ಬರುವುದಕ್ಕಿಂತ ಮೊದಲು ಮಾಲೀಕರೇ ಒಂದು ಬೆಳಗಿನಲ್ಲಿ ಮಾಡಬಹುದಾದ ಪರೀಕ್ಷೆಗಳಿವೆ. ಅವುಗಳಿಗೆ ಬೇಕಾಗುವುದು ಒಂದು ಮಲ್ಟಿಮೀಟರ್, ಹವಾ ನೋಡುವ ಗೇಜ್, ಅಳತೆಯ ಟೇಪು, ಸೀಮೆಸುಣ್ಣ ಮತ್ತು ಗಾಡಿಯ ಜೊತೆ ಬಂದ ಕೈಪಿಡಿ. ಅಗ್ಗದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕದೆ ದುಬಾರಿ ಭಾಗವನ್ನು ಬದಲಿಸಬಾರದು ಎಂಬ ಮಾತನ್ನು ಈ ಲೇಖನದುದ್ದಕ್ಕೂ ಒತ್ತಿ ಹೇಳುತ್ತೇನೆ, ಏಕೆಂದರೆ ಹಣ ಹೋಗುವುದು ಅಲ್ಲಿಯೇ.

ದೀಪವನ್ನು ಸರಿಯಾಗಿ ಓದುವುದು

ಉರಿಯುವ ದೀಪವೆಲ್ಲ ದೋಷದ ದೀಪವಲ್ಲ. 4ಎಚ್ (ನಾಲ್ಕೂ ಗಾಲಿ, ಸಾಮಾನ್ಯ ವೇಗ) ಅಥವಾ 4ಎಲ್ (ನಾಲ್ಕೂ ಗಾಲಿ, ನಿಧಾನ ವೇಗ, ಹೆಚ್ಚು ಎಳೆತ) ಆಯ್ಕೆ ಮಾಡಿದಾಗ ಸ್ಥಿರವಾಗಿ ಉರಿಯುವ ದೀಪ, ನಾಲ್ಕೂ ಗಾಲಿಗಳಿಗೆ ಶಕ್ತಿ ಹೋಗುತ್ತಿದೆ ಎಂದು ತಿಳಿಸುವ ಸೂಚನೆ ಮಾತ್ರ. ಅದೇ ದೀಪ ಮಿನುಗುತ್ತಿದ್ದರೆ ಬದಲಾವಣೆ ನಡೆಯುತ್ತಿದೆ ಎಂದರ್ಥ. ಕೆಲವು ಸೆಕೆಂಡುಗಳ ನಂತರವೂ ಮಿನುಗು ನಿಲ್ಲದಿದ್ದರೆ ಬದಲಾವಣೆ ಅರ್ಧಕ್ಕೆ ನಿಂತಿದೆ. ಇವೆರಡಕ್ಕಿಂತ ಬೇರೆಯಾದ ಹಳದಿ ಎಚ್ಚರಿಕೆಯೊಂದು, ಫೋರ್ ವೀಲ್ ಡ್ರೈವ್ ವ್ಯವಸ್ಥೆಯನ್ನು ಪರೀಕ್ಷಿಸಿ ಎಂಬ ಬರಹದೊಂದಿಗೆ ಕಾಣಿಸಿಕೊಂಡರೆ, ಗಾಡಿಯ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕವೇ ದೋಷವನ್ನು ಗುರುತಿಸಿ ನೆನಪಿನಲ್ಲಿಟ್ಟುಕೊಂಡಿದೆ ಎಂದು ತಿಳಿಯಬೇಕು. ಇದರ ಜೊತೆಗೆ ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ದೀಪವೂ ಉರಿಯುತ್ತಿದ್ದರೆ ಮೊದಲ ಸಂಶಯ ಗಾಲಿಯ ವೇಗ ಅಳೆಯುವ ಸೆನ್ಸರಿನ ಮೇಲೆ ಬರಬೇಕು, ಏಕೆಂದರೆ ಅನೇಕ ಗಾಡಿಗಳಲ್ಲಿ ಎರಡೂ ವ್ಯವಸ್ಥೆಗಳು ಅದೇ ಸೆನ್ಸರಿನ ಮಾಹಿತಿಯನ್ನು ನಂಬಿ ನಡೆಯುತ್ತವೆ. ತಾನೇ ತಾನಾಗಿ ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಆಲ್ ವೀಲ್ ಡ್ರೈವ್ ಗಾಡಿಗಳಲ್ಲಿ, ಉಸುಕಿನಲ್ಲಿ ಬಹಳ ಹೊತ್ತು ಗಾಲಿ ತಿರುಗಿಸಿದಾಗ ಕ್ಲಚ್ ಬಿಸಿಯಾಗಿಯೂ ದೀಪ ಮಿನುಗಬಹುದು. ಗಾಡಿ ನಿಲ್ಲಿಸಿ ತಣ್ಣಗಾಗಲು ಬಿಟ್ಟರೆ ಅದು ಆರುತ್ತದೆ.

ದೀಪ ಹತ್ತಿದ ಸಂದರ್ಭವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಎಷ್ಟು ವೇಗವಿತ್ತು, ಯಾವ ರಸ್ತೆ, ತಿರುವಿನಲ್ಲೋ ನೇರದಲ್ಲೋ, ಹಿಂದಿನ ದಿನ ಗಾಡಿ ತೊಳೆಸಿದ್ದಿರೋ, ಟೈರ್ ಅಥವಾ ಬ್ಯಾಟರಿ ಬದಲಿಸಿದ್ದಿರೋ, ಇವಿಷ್ಟು ಸಾಕು. ಮೆಕ್ಯಾನಿಕ್ಕಿಗೆ ಈ ಚೀಟಿ ಅರ್ಧ ದಿನದ ಹುಡುಕಾಟವನ್ನು ಉಳಿಸುತ್ತದೆ.

ಕೆಟ್ಟಿರುವುದು ಗೇರೋ, ಸುದ್ದಿಯೋ?

ಮೂರು ಬಾಗಿಲಿನ ಥಾರ್, ಜಿಮ್ನಿ, ಹಳೆಯ ಜಿಪ್ಸಿಯಂತಹ ಗಾಡಿಗಳಲ್ಲಿ ಚಾಲಕ ಲಿವರ್ ಎಳೆದು, ಎಂಜಿನ್ನಿನ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಗೇರನ್ನು ತಾನೇ ಜೋಡಿಸುತ್ತಾನೆ. ಇಸುಜು ವಿ-ಕ್ರಾಸ್, 2016ರ ನಂತರದ ಫಾರ್ಚೂನರ್ ಮುಂತಾದವುಗಳಲ್ಲಿ ನಾಬ್ ತಿರುಗಿಸಿದರೆ ವಿದ್ಯುತ್ ಮೋಟರೊಂದು ಆ ಕೆಲಸವನ್ನು ಮಾಡುತ್ತದೆ. ಎರಡರಲ್ಲೂ, ಗೇರು ಜೋಡಣೆಯಾಗಿದೆ ಎಂಬ ಸುದ್ದಿಯನ್ನು ದೀಪಕ್ಕೆ ಮುಟ್ಟಿಸಲು ಸ್ವಿಚ್ ಅಥವಾ ಸೆನ್ಸರ್ ಇರುತ್ತದೆ. ಆದ್ದರಿಂದ ಗೇರು ಸರಿಯಿದ್ದು ಸುದ್ದಿ ಮುಟ್ಟದಿರಬಹುದು. ಸುದ್ದಿಯ ದಾರಿ ಸರಿಯಿದ್ದು ಗೇರೇ ಜೋಡಣೆಯಾಗದಿರಬಹುದು.

ಇದನ್ನು ಬಿಡಿಸಿ ನೋಡಲು ಸುಲಭದ ಪರೀಕ್ಷೆಯೊಂದಿದೆ. ಬೇಕಾದಾಗ ಮಾತ್ರ ಫೋರ್ ವೀಲ್ ಹಾಕಿಕೊಳ್ಳುವ ಬಗೆಯ ಗಾಡಿಯನ್ನು ಸಡಿಲ ಮಣ್ಣಿನ ಬಯಲಿಗೆ ಒಯ್ದು, 4ಎಚ್‌ಗೆ ಹಾಕಿ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಡಿಗೆಯ ವೇಗದಲ್ಲಿ ಒಂದು ಸುತ್ತು ಹೊಡೆಯಿರಿ. ಜೋಡಣೆಯಾಗಿದ್ದರೆ ಗಾಡಿ ತಡೆದು ತಡೆದು ತಿರುಗುತ್ತದೆ, ಸ್ಟೀರಿಂಗ್ ಕೈಗೆ ಭಾರವೆನಿಸುತ್ತದೆ. ಹೀಗೆ ತಡೆಯಿದ್ದೂ ದೀಪ ಹತ್ತದಿದ್ದರೆ ಸಂಶಯ ಸ್ವಿಚ್ ಮತ್ತು ವೈರಿನ ಮೇಲೆ. ತಡೆಯೇ ಇಲ್ಲದೆ ಗಾಡಿ ಹಗುರವಾಗಿ ತಿರುಗಿದರೆ ಮೋಟರ್, ವ್ಯಾಕ್ಯೂಮ್ (ಗಾಳಿಯ ಎಳೆತದಿಂದ ನಡೆಯುವ ಪೈಪುಗಳು) ಅಥವಾ ಒಳಗಿನ ಭಾಗಗಳನ್ನು ನೋಡಬೇಕು. ಈ ಪರೀಕ್ಷೆಯನ್ನು ಒಣ ಡಾಂಬರು ಅಥವಾ ಕಾಂಕ್ರೀಟ್ ರಸ್ತೆಯಲ್ಲಿ ಮಾಡಲೇಬಾರದು. ಒಂದು ಗಾಲಿಯನ್ನು ಮಾತ್ರ ಜಾಕಿನ ಮೇಲೆ ಎತ್ತಿ, ಎಂಜಿನ್ ಚಾಲೂ ಮಾಡಿ, ಗೇರು ಹಾಕಿ ನೋಡುವ ರೂಢಿಯೂ ಅಪಾಯಕಾರಿ. ನೆಲದ ಮೇಲಿರುವ ಉಳಿದ ಗಾಲಿಗಳು ಗಾಡಿಯನ್ನು ಜಾಕಿನಿಂದ ಕೆಡವುತ್ತವೆ.

2ಎಚ್‌ಗೆ (ಎಂದರೆ ಹಿಂದಿನ ಎರಡೇ ಗಾಲಿಗಳು ಎಳೆಯುವ ಸ್ಥಿತಿಗೆ) ಮರಳಿದರೂ ದೀಪ ಆರುವುದಿಲ್ಲ ಎಂಬ ದೂರಿಗೆ ಅನೇಕ ಸಲ ದೋಷವೇ ಕಾರಣವಾಗಿರುವುದಿಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುತ್ತವೆ. 4ಎಚ್‌ನಲ್ಲಿ ಮುಂದಿನ, ಹಿಂದಿನ ಗಾಲಿಗಳನ್ನು ತಿರುಗಿಸುವ ಎರಡೂ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ಈ ವ್ಯತ್ಯಾಸವನ್ನು ನೀಗಲು ಗಾಲಿಗಳು ಜಾರಲೇಬೇಕು. ಕೆಸರಿನಲ್ಲಿ ಜಾರುತ್ತವೆ, ಡಾಂಬರಿನ ಮೇಲೆ ಜಾರುವುದಿಲ್ಲ, ಆಗ ಶಾಫ್ಟುಗಳಲ್ಲಿ ತಿರುಚು ತುಂಬಿಕೊಂಡು ಗೇರಿನ ಹಲ್ಲುಗಳು ಕಚ್ಚಿ ಹಿಡಿಯುತ್ತವೆ. ಹೊಲದಿಂದ ರಸ್ತೆಗೆ ಬಂದು 2ಎಚ್‌ಗೆ ಹಾಕಲು ಮರೆತವರಿಗೆ ಆಗುವುದು ಇದೇ. 2ಎಚ್ ಆಯ್ಕೆ ಮಾಡಿ, ಸ್ಟೀರಿಂಗ್ ನೇರವಿಟ್ಟು, ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಐದಾರು ಮೀಟರ್ ರಿವರ್ಸ್ ಹೋಗಿ. ತಿರುಚು ಬಿಟ್ಟುಕೊಂಡು ಕೆಳಗಿನಿಂದ ಟಕ್ಕೆಂದು ಸದ್ದು ಬಂದು ದೀಪ ಆರಿದರೆ ಕೆಲಸ ಮುಗಿಯಿತು. 4ಎಲ್‌ಗೆ ಹಾಕುವಾಗ ಮಿನುಗುತ್ತಿದ್ದರೆ ಗಾಡಿ ನಿಂತಿದೆಯೇ, ಮುಖ್ಯ ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡಿ. ಕೈಪಿಡಿ ಹೇಳಿದ ಕ್ರಮ ತಪ್ಪಿದರೆ ವ್ಯವಸ್ಥೆ ಒಪ್ಪುವುದಿಲ್ಲ.

ಬ್ಯಾಟರಿ, ಫ್ಯೂಸ್, ಟೈರ್

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಅಳೆಯಿರಿ. 12.6 ವೋಲ್ಟ್ ಆಸುಪಾಸಿದ್ದರೆ ಪೂರ್ತಿ ಚಾರ್ಜ್ ಇದೆ, 12.2ಕ್ಕಿಂತ ಕೆಳಗಿದ್ದರೆ ಮೊದಲು ಬ್ಯಾಟರಿಯನ್ನು ಸರಿಪಡಿಸಿ, ಆಮೇಲೆ ಉಳಿದದ್ದು. ಎಂಜಿನ್ ಚಾಲೂ ಇದ್ದಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಬರಬೇಕು. ವೋಲ್ಟೇಜ್ ಕುಸಿದಾಗ ಮೋಟರ್ ಅರ್ಧ ತಿರುಗಿ ನಿಲ್ಲುತ್ತದೆ, ಘಟಕ ಅದನ್ನು ಮೋಟರಿನ ದೋಷವೆಂದೇ ದಾಖಲಿಸಿಕೊಳ್ಳುತ್ತದೆ. ಫ್ಯೂಸುಗಳನ್ನು ಪೆಟ್ಟಿಗೆಯ ಮುಚ್ಚಳದ ಮೇಲಿನ ನಕ್ಷೆ ನೋಡಿ ಹುಡುಕಿ, ಸುಟ್ಟಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ. ಹೊಸದೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ದೊಡ್ಡ ಫ್ಯೂಸ್ ಹಾಕಿ ಮುಚ್ಚಿಡುವುದು ಬೆಂಕಿಗೆ ಆಹ್ವಾನ.

ಟೈರಿನ ವಿಷಯವನ್ನು ನಮ್ಮಲ್ಲಿ ಬಹಳ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಎರಡು ಟೈರ್ ಸವೆದವೆಂದು ಎರಡನ್ನೇ ಬದಲಿಸುವುದು, ಬೇರೆ ಅಳತೆಯ ಸ್ಟೆಪ್ನಿ ಹಾಕಿ ತಿಂಗಳುಗಟ್ಟಲೆ ಓಡಿಸುವುದು ರೂಢಿಯಾಗಿದೆ. ಲೆಕ್ಕ ಹಾಕಿ ನೋಡೋಣ: 255/65 ಆರ್18 ಅಳತೆಯ ಹೊಸ ಟೈರಿನ ವ್ಯಾಸ ಸುಮಾರು 789 ಮಿ.ಮೀ. ಅದರ ಗೆರೆ 6 ಮಿ.ಮೀ. ಸವೆದರೆ ವ್ಯಾಸ 777ಕ್ಕೆ ಇಳಿಯುತ್ತದೆ. ಒಂದು ಕಿಲೋಮೀಟರಿನಲ್ಲಿ ಹೊಸ ಟೈರ್ ಸುಮಾರು 404 ಸುತ್ತು ತಿರುಗಿದರೆ ಸವೆದದ್ದು 410 ಸುತ್ತು ತಿರುಗುತ್ತದೆ. ಮುಂದೆ ಹೊಸದು, ಹಿಂದೆ ಸವೆದದ್ದು ಇದ್ದರೆ 4ಎಚ್‌ನಲ್ಲಿ ನೇರ ರಸ್ತೆಯಲ್ಲೂ ಪ್ರತಿ ಕಿಲೋಮೀಟರಿಗೆ ಆರು ಸುತ್ತಿನ ಜಗ್ಗಾಟ ಟ್ರಾನ್ಸ್‌ಫರ್ ಕೇಸಿನೊಳಗೆ ನಡೆಯುತ್ತದೆ. ಆಲ್ ವೀಲ್ ಡ್ರೈವ್ ಗಾಡಿಯ ಘಟಕವಾದರೆ ಈ ವ್ಯತ್ಯಾಸವನ್ನು ಗಾಲಿ ಜಾರುತ್ತಿದೆ ಎಂದು ತಪ್ಪಾಗಿ ತಿಳಿಯಬಹುದು.

ಅಳೆಯುವುದು ಸುಲಭ. ನಾಲ್ಕೂ ಟೈರುಗಳಿಗೆ ಚಾಲಕನ ಬಾಗಿಲಿನ ಬಳಿಯ ಪಟ್ಟಿಯಲ್ಲಿ ಬರೆದಷ್ಟು ಹವಾ ತುಂಬಿಸಿ, ಸಮತಟ್ಟಾದ ನೆಲದಲ್ಲಿ ಪ್ರತಿ ಟೈರಿನ ತಳಕ್ಕೂ ಅದರ ಕೆಳಗಿನ ನೆಲಕ್ಕೂ ಸೀಮೆಸುಣ್ಣದಿಂದ ಗುರುತು ಹಾಕಿ, ಗಾಡಿಯನ್ನು ನೇರವಾಗಿ ಸರಿಯಾಗಿ ಒಂದು ಸುತ್ತು ತಳ್ಳಿ, ಗುರುತು ಮತ್ತೆ ನೆಲ ಮುಟ್ಟಿದ ಜಾಗದವರೆಗೆ ಟೇಪು ಹಿಡಿಯಿರಿ. ನಾಲ್ಕು ಅಳತೆಗಳನ್ನು ಪಕ್ಕಪಕ್ಕ ಬರೆದಾಗ ಯಾವ ಟೈರಿನ ಅಳತೆ ಬೇರೆಯೆಂದು ತಾನಾಗಿಯೇ ಕಾಣುತ್ತದೆ.

ಕಪ್ಲರಿನೊಳಗಿನ ಎರೆ ಮಣ್ಣು

ಒಂದು ಮಳೆಗಾಲದಲ್ಲಿ ಬಬಲೇಶ್ವರ ಭಾಗದ ದ್ರಾಕ್ಷಿ ತೋಟದಿಂದ ಮರಳಿದ ಮೇಲೆ ನನ್ನ ಪಿಕಪ್ಪಿನ ದೀಪ ಮೂರು ದಿನ ಮಿನುಗಿತು. ತೋರಿಸಿದ ಗ್ಯಾರೇಜಿನಲ್ಲಿ ಕೆಳಗೆ ಬಗ್ಗಿ ನೋಡದೆಯೇ ‘ಮೋಟರ್ ಹೋಗೇದ್ರಿ ಸರ, ಹೊಸಾದು ತರಸಬೇಕು’ ಎಂದರು. ಬೆಲೆ ಕೇಳಿ ಎದೆ ಧಸಕ್ಕೆಂದಿತು. ಮರುದಿನ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಗಾಡಿಯ ಕೆಳಗೆ ಚಾಪೆ ಹಾಸಿ ಮಲಗಿ, ಟ್ರಾನ್ಸ್‌ಫರ್ ಕೇಸಿನ ಮೇಲಿನ ಕಪ್ಲರನ್ನು (ವೈರುಗಳನ್ನು ಕೂಡಿಸುವ ಪ್ಲಗ್ಗನ್ನು) ಹುಡುಕಿದೆ. ಒಣಗಿದ ಎರೆ ಅದರ ಸುತ್ತ ಕಲ್ಲಿನಂತೆ ಗಟ್ಟಿಯಾಗಿತ್ತು. ಹಳೆಯ ಟೂತ್‌ಬ್ರಶ್ಶಿನಿಂದ ಕೆರೆದು ತೆಗೆದರೆ ಕಪ್ಲರಿನ ಬೀಗದ ಕೊಂಡಿ ಅರ್ಧಕ್ಕೇ ನಿಂತಿದ್ದು ಕಂಡಿತು. ಬಿಚ್ಚಿದಾಗ ಒಳಗಿನ ರಬ್ಬರ್ ರಿಂಗ್ ಮಡಚಿಕೊಂಡಿತ್ತು, ಒಂದು ಪಿನ್ನಿನ ಮೇಲೆ ಹಸಿರು ಕಿಲುಬು ಹಿಡಿದಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ರಿಂಗ್ ಸರಿಪಡಿಸಿ, ಕ್ಲಿಕ್ ಎನ್ನುವವರೆಗೆ ಒತ್ತಿ ಕೂರಿಸಿದೆ. ಆ ಮೋಟರ್ ಇಂದಿಗೂ ಅದೇ ಗಾಡಿಯಲ್ಲಿದೆ.

ಎಂಜಿನ್ ಆರಿಸಿ, ಸೈಲೆನ್ಸರ್ ತಣ್ಣಗಾದ ಮೇಲೆ, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು ಇಷ್ಟನ್ನು ನೀವೂ ಮಾಡಬಹುದು. ಗಾಡಿ ತೊಳೆಸಿದ ಮರುದಿನ ದೀಪ ಹತ್ತಿದ್ದರೆ ಜೋರು ನೀರಿನ ಪೈಪು ಕಪ್ಲರಿನೊಳಗೆ ನೀರು ನುಗ್ಗಿಸಿರುವ ಸಾಧ್ಯತೆಯಿದೆ. ಕಬ್ಬಿನ ಗದ್ದೆಗೆ ಹೊಂದಿಕೊಂಡ ತೋಟದ ಮನೆಯಲ್ಲಿ ಗಾಡಿ ನಿಲ್ಲಿಸುವವರು ಇಲಿ ಕಡಿದ ವೈರನ್ನು ತಪ್ಪದೆ ಹುಡುಕಬೇಕು. ಕಬ್ಬು ಕಟಾವಾದ ಮೇಲೆ ನೆಲೆ ತಪ್ಪಿದ ಇಲಿಗಳಿಗೆ ಬಾನೆಟ್ಟಿನ ಒಳಗಿನ ಬಿಸುಪು ಹಿತವಾಗಿರುತ್ತದೆ.

ಕಿವಿ, ಕೈ ಮತ್ತು ಆಯಿಲ್

ನಾಬ್ ಇರುವ ಗಾಡಿಯಲ್ಲಿ ಬ್ಯಾಟರಿ ತಂತಿ ಮತ್ತೆ ಜೋಡಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ಆನ್ ಮಾಡಿ, ಒಬ್ಬರು ನಾಬ್ ತಿರುಗಿಸುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ಕಿವಿಗೊಡಬೇಕು. ಹಲವು ಗಾಡಿಗಳಲ್ಲಿ ಮೋಟರ್ ಒಂದೆರಡು ಸೆಕೆಂಡು ಗುಂಯ್‌ಗುಡುವುದು ಕೇಳಿಸುತ್ತದೆ. ಸದ್ದೇ ಇಲ್ಲದಿದ್ದರೆ ವಿದ್ಯುತ್ ತಲುಪುತ್ತಿಲ್ಲ ಅಥವಾ ಮೋಟರ್ ಸತ್ತಿದೆ. ಕಪ್ಲರಿನಲ್ಲಿ ವೋಲ್ಟೇಜ್ ಅಳೆದು ನೋಡಿದ ಮೇಲೆ ಮಾತ್ರ ಎರಡನೆಯ ಮಾತನ್ನು ನಂಬಬೇಕು.

ಮುಂದಿನ ಆಕ್ಸಲ್ಲನ್ನು ವ್ಯಾಕ್ಯೂಮಿನಿಂದ ಜೋಡಿಸುವ ಗಾಡಿಗಳಲ್ಲಿ ಎಂಜಿನ್ ಬಿಸಿಗೆ ರಬ್ಬರ್ ಪೈಪುಗಳು ಸೀಳುತ್ತವೆ. ಪೈಪುಗಳನ್ನು ಬೆರಳಿನಿಂದ ಬಗ್ಗಿಸಿ ಬಿರುಕು ಹುಡುಕಿ, ಎಂಜಿನ್ ಚಾಲೂ ಇದ್ದಾಗ ಸುಯ್ ಎನ್ನುವ ಸದ್ದಿಗೆ ಕಿವಿಗೊಡಿ. ಜೊತೆಗೆ ಬ್ರೇಕ್ ಪೆಡಲ್ ಕೂಡ ಗಟ್ಟಿಯಾಗಿದ್ದರೆ ಗಾಡಿಯನ್ನು ಓಡಿಸಬೇಡಿ, ಏಕೆಂದರೆ ಬ್ರೇಕ್ ಬೂಸ್ಟರ್ ನಡೆಯುವುದೂ ವ್ಯಾಕ್ಯೂಮಿನಿಂದಲೇ.

ಹಳ್ಳ ದಾಟಿದ ಗಾಡಿಗಳಲ್ಲಿ ಆಯಿಲ್ ನೋಡದೆ ಬಿಡಬಾರದು. ಬಿಸಿಯಾದ ಟ್ರಾನ್ಸ್‌ಫರ್ ಕೇಸ್ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರಾಟದ ಪೈಪು ಮಣ್ಣಿನಿಂದ ಕಟ್ಟಿದ್ದರೆ ಸೀಲುಗಳ ಸಂದಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಸಮತಟ್ಟು ನೆಲದಲ್ಲಿ ಮೇಲಿನ ಪ್ಲಗ್ ಬಿಚ್ಚಿದಾಗ ಆಯಿಲ್ ಸಾಮಾನ್ಯವಾಗಿ ರಂಧ್ರದ ಕೆಳ ಅಂಚಿನವರೆಗೆ ಇರಬೇಕು. ಹಾಲು ಬೆರೆಸಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ, ತಡಮಾಡದೆ ಬದಲಿಸಿ. ಕೆಲವು ಗಾಡಿಗಳಿಗೆ ಗೇರ್ ಆಯಿಲ್, ಕೆಲವಕ್ಕೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಬೇಕಾಗುವುದರಿಂದ ಕೈಪಿಡಿಯ ಮಾತನ್ನೇ ಕೇಳಬೇಕು.

ಸ್ಕ್ಯಾನರ್ ಹಾಕಿಸುವಾಗ

ಇಷ್ಟಾದರೂ ದೀಪ ಉಳಿದರೆ ಸ್ಕ್ಯಾನರ್ ಬೇಕು. ಮೊಬೈಲಿಗೆ ಜೋಡಿಸುವ ಅಗ್ಗದ ಓಬಿಡಿ (ಗಾಡಿಯ ದೋಷದ ಕೋಡು ಓದುವ) ಸಾಧನಗಳು ಹೆಚ್ಚಾಗಿ ಎಂಜಿನ್ನಿಗೆ ಸಂಬಂಧಿಸಿದ, ‘ಪಿ’ ಅಕ್ಷರದ ಕೋಡುಗಳನ್ನು ಮಾತ್ರ ಓದುತ್ತವೆ. ಫೋರ್ ವೀಲ್ ಘಟಕದ ಕೋಡುಗಳು ಚಾಸಿಗೆ ಸಂಬಂಧಿಸಿದ ‘ಸಿ’ ಅಥವಾ ಘಟಕಗಳ ನಡುವಿನ ಸಂಪರ್ಕಕ್ಕೆ ಸಂಬಂಧಿಸಿದ ‘ಯು’ ಗುಂಪಿನಲ್ಲೂ ಇರಬಹುದಾದ್ದರಿಂದ, ಎಲ್ಲ ಘಟಕಗಳನ್ನೂ ಓದುವ ಸ್ಕ್ಯಾನರ್ ಇರುವಲ್ಲಿಗೆ ಹೋಗಿ. ಕೋಡನ್ನು ಅಳಿಸುವ ಮೊದಲು ಪರದೆಯ ಫೋಟೊ ತೆಗೆದುಕೊಳ್ಳಿ. ಮೋಟರ್ ಸರ್ಕ್ಯೂಟ್ ಎಂದು ಬಂದ ಕೋಡು ಮೋಟರ್ ಕೆಟ್ಟಿದೆ ಎಂಬ ತೀರ್ಪಲ್ಲ. ಆ ಸರ್ಕ್ಯೂಟಿನಲ್ಲಿ ವೈರ್, ಕಪ್ಲರ್, ರಿಲೇ ಎಲ್ಲವೂ ಸೇರಿವೆ.

ಕೆಳಗಿನಿಂದ ಕಟಕಟ ಸದ್ದು, ಸುಟ್ಟ ವಾಸನೆ, ಆಯಿಲ್ ಸೋರಿಕೆ ಇದ್ದರೆ ಮನೆಯ ಪರೀಕ್ಷೆ ಅಲ್ಲಿಗೇ ನಿಲ್ಲಲಿ, ಗಾಡಿಯನ್ನು ಎತ್ತಿಸಿಕೊಂಡು ಹೋಗಿ. ಟ್ರಾನ್ಸ್‌ಫರ್ ಕೇಸ್ ಎರಡು ಸ್ಥಾನಗಳ ನಡುವೆ ಸಿಕ್ಕಿ ನ್ಯೂಟ್ರಲ್ ಆಗಿದ್ದರೆ ಗೇರಿನಲ್ಲಿಟ್ಟ ಗಾಡಿಯೂ, ಆಟೋಮ್ಯಾಟಿಕ್ ಗಾಡಿಯ ಪಾರ್ಕ್ ಸ್ಥಾನವೂ ಗಾಲಿಗಳನ್ನು ಹಿಡಿದಿಡುವುದಿಲ್ಲ. ಹ್ಯಾಂಡ್‌ಬ್ರೇಕ್ ಮತ್ತು ಗಾಲಿಗೆ ಕಲ್ಲು ಎರಡೂ ಬೇಕು.

ದುರಸ್ತಿಯಾದ ಮೇಲೆ ಗ್ಯಾರೇಜಿನ ಅಂಗಳದಿಂದಲೇ ಮರಳಬೇಡಿ. ಹತ್ತಿರದ ಮಣ್ಣಿನ ದಾರಿಯಲ್ಲಿ 2ಎಚ್‌ನಿಂದ 4ಎಚ್‌ಗೆ ಮೂರು ಸಲ ಹಾಕಿ ತೆಗೆದು, ನಿಂತು 4ಎಲ್ ಒಂದು ಸಲ ನೋಡಿ. ಮರುದಿನ ಬೆಳಿಗ್ಗೆ ತಣ್ಣಗಿನ ಗಾಡಿಯಲ್ಲಿ ಇದನ್ನೇ ಮತ್ತೊಮ್ಮೆ ಮಾಡಿ. ಆನಂತರ ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಕೆಲವು ಕಿಲೋಮೀಟರ್ 4ಎಚ್‌ನಲ್ಲಿ ಓಡಿಸುತ್ತಿದ್ದರೆ ಒಳಗೆಲ್ಲ ಆಯಿಲ್ ಹರಿದಾಡಿ, ಮಿರಗದ ಹೊತ್ತಿಗೆ ಗೇರು ತುಕ್ಕು ಹಿಡಿದು ಕುಳಿತಿರುವುದಿಲ್ಲ.