ಗಿನಿ ಪಿಗ್ ಮೇವು ಬಿಟ್ಟಾಗ ಮಾಡಬೇಕಾದ್ದು

ಗಿನಿ ಪಿಗ್‌ನ ಕರುಳು ಹಗಲೂ ರಾತ್ರಿ ಚಲಿಸುತ್ತಲೇ ಇರಬೇಕು. ಅದಕ್ಕೆ ಒಣಹುಲ್ಲಿನ ನಾರು ಬೇಕು. ಮೇವು ನಿಂತರೆ ಚಲನೆ ನಿಧಾನವಾಗಿ ಒಳಗೆ ಗ್ಯಾಸ್ ತುಂಬುತ್ತದೆ, ಆ ನೋವಿಗೆ ಪ್ರಾಣಿ ಉಳಿದ ಮೇವನ್ನೂ ಬಿಡುತ್ತದೆ. ವಾಂತಿ ಮಾಡಿಕೊಂಡು ಹಗುರಾಗುವುದೂ ಇದಕ್ಕೆ ಸಾಧ್ಯವಿಲ್ಲ. ಅರ್ಧ ದಿನ ಏನೂ ಮುಟ್ಟಿಲ್ಲವೆಂದರೆ ಅದು ತುರ್ತು ಸ್ಥಿತಿ. ನಾಳೆವರೆಗೆ ಕಾಯಬೇಡಿ.

ಮೊದಲು ಹಿಕ್ಕೆ ನೋಡಿ. ಆರೋಗ್ಯವಾಗಿದ್ದಾಗ ಹಿಕ್ಕೆಗಳು ಒಂದೇ ಗಾತ್ರದಲ್ಲಿ, ಉದ್ದುದ್ದವಾಗಿ, ಗಟ್ಟಿಯಾಗಿರುತ್ತವೆ. ಸಣ್ಣಗೆ, ಒಣಗಿ, ಚೂಪಾಗಿ ಬಂದರೆ ಅಥವಾ ಬರುವುದೇ ನಿಂತರೆ ಕರುಳು ಸೋತಿದೆ. ನಂತರ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ದೊಡ್ಡ ಗಿನಿ ಪಿಗ್ ಸಾಮಾನ್ಯವಾಗಿ 700ರಿಂದ 1,200 ಗ್ರಾಂ ತೂಗುತ್ತದೆ. ಕೆಲವೇ ದಿನಗಳಲ್ಲಿ 50 ಗ್ರಾಂ ಇಳಿದಿದ್ದರೆ ಅದನ್ನು ಹಗುರವಾಗಿ ಕಾಣಬಾರದು.

ಆಮೇಲೆ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ. ತಮಟೆಯಂತೆ ಬಿಗಿದಿದ್ದರೆ ಬಾಯಿಗೆ ಏನೂ ಹಾಕದೆ ನೇರ ಪಶುವೈದ್ಯರ ಬಳಿ ಹೋಗಿ. ಹೊಟ್ಟೆ ತಿರುಚಿಕೊಂಡಿರಬಹುದು. ಅಂಥ ಹೊತ್ತಿನಲ್ಲಿ ತಿನ್ನಿಸಿದರೆ ಜೀವಕ್ಕೇ ಅಪಾಯ.

ಹೊಟ್ಟೆ ಮೃದುವಾಗಿದ್ದರೂ ವೈದ್ಯರಿಗೆ ತೋರಿಸಲೇಬೇಕು, ನೋವು ನಿವಾರಕ ಬೇಕಾಗುತ್ತದೆ. ದವಾಖಾನೆಗೆ ಮುಂಚೆಯೇ ಫೋನ್ ಮಾಡಿ, ಮೊಲ, ಗಿನಿ ಪಿಗ್ ನೋಡುವವರು ಇದ್ದಾರೆಯೇ ಎಂದು ಕೇಳಿ. ನಾಯಿ, ಬೆಕ್ಕು ನೋಡುವವರೆಲ್ಲರಿಗೂ ಇವುಗಳ ಅಭ್ಯಾಸ ಇರುವುದಿಲ್ಲ. ಮೈ ತಣ್ಣಗಿದ್ದರೆ ಬೆಚ್ಚಗಿನ ನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಪಕ್ಕದಲ್ಲಿಡಿ, ಬೇಕೆಂದಾಗ ಅದು ದೂರ ಸರಿಯಲು ಜಾಗ ಬಿಡಿ.

ತಿನ್ನಿಸಬಹುದು ಎಂದು ವೈದ್ಯರು ಹೇಳಿದ ಮೇಲೆ, ಅದು ದಿನವೂ ತಿನ್ನುವ ಪೆಲೆಟ್ ಅನ್ನು (ಗುಳಿಗೆಯಂಥ ಒಣ ಮೇವು) ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಗಂಜಿಯ ಹದಕ್ಕೆ ತನ್ನಿ. ಉಗುರುಬೆಚ್ಚಗಾದ ಮೇಲೆ 1 ಮಿ.ಲೀ. ಸಿರಿಂಜ್‌ಗೆ (ಸೂಜಿ ತೆಗೆದು) ತುಂಬಿ. ಪ್ರಾಣಿಯನ್ನು ಅಂಗಾತ ಮಲಗಿಸಬಾರದು, ನಾಲ್ಕು ಕಾಲೂರಿ ಟವೆಲ್‌ನಲ್ಲಿ ಕೂತಿರಲಿ. ಮುಂದಿನ ಹಲ್ಲುಗಳ ಹಿಂದಿನ ಖಾಲಿ ಜಾಗದಲ್ಲಿ, ಪಕ್ಕದಿಂದ ಸಿರಿಂಜ್ ತೂರಿಸಿ ಅರ್ಧ ಮಿ.ಲೀ.ನಷ್ಟು ಮಾತ್ರ ಬಿಡಿ, ಅಗಿದು ನುಂಗಿದ್ದು ಕಂಡ ಮೇಲೆ ಇನ್ನಷ್ಟು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 50 ಮಿ.ಲೀ. ಲೆಕ್ಕ: 900 ಗ್ರಾಂ ಪ್ರಾಣಿಗೆ 45 ಮಿ.ಲೀ., ಅಂದರೆ ಐದು ಸಲ 9 ಮಿ.ಲೀ. ಒಣಹುಲ್ಲು ಸದಾ ಮುಂದಿರಲಿ. ವಿಟಮಿನ್ ಸಿ ಇದರ ದೇಹದಲ್ಲಿ ತಯಾರಾಗುವುದಿಲ್ಲ, ಹಾಗಾಗಿ ದಪ್ಪ ಮೆಣಸಿನಕಾಯಿಯ (ಕ್ಯಾಪ್ಸಿಕಂ) ಹಸಿ ಚೂರನ್ನೂ ಇಟ್ಟು ನೋಡಿ.

ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಕೊಡಲೇಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಿ, ಅದರ ವಿಷಕ್ಕೆ ಪ್ರಾಣಿ ಕೆಲವೇ ದಿನಗಳಲ್ಲಿ ಸಾಯಬಹುದು. ಪ್ರಿಸ್ಕ್ರಿಪ್ಷನ್‌ನಲ್ಲಿ ಈ ಹೆಸರುಗಳು ಕಂಡರೂ ಕೇಳಿ ಖಚಿತಪಡಿಸಿಕೊಳ್ಳಿ.

ಹಣ್ಣು, ಸೊಪ್ಪು ಹೆಚ್ಚಾಗಿ ಹಿಕ್ಕೆ ಮೆತ್ತಗಾಗಿದ್ದರೆ ಒಂದೆರಡು ದಿನ ಒಣಹುಲ್ಲು, ಪೆಲೆಟ್ ಮತ್ತು ನೀರು ಸಾಕು. ನೀರಿನಂಥ ಭೇದಿ ಬೇರೆ ಮಾತು, ಅದಕ್ಕೆ ಅದೇ ದಿನ ಚಿಕಿತ್ಸೆ ಬೇಕು.

ತಿನ್ನಲು ಬಂದು ಬಾಯಿಂದ ಬೀಳಿಸುತ್ತಿದ್ದರೆ, ಗಲ್ಲ ಒದ್ದೆಯಾಗಿದ್ದರೆ, ಮೂಲ ತೊಂದರೆ ದವಡೆ ಹಲ್ಲಿನಲ್ಲಿರಬಹುದು. ಇವುಗಳ ಹಲ್ಲು ಜೀವನಪೂರ್ತಿ ಬೆಳೆಯುತ್ತದೆ, ಹುಲ್ಲು ಅಗಿದೇ ಸವೆಯಬೇಕು. ಮುಂದಿನ ಹಲ್ಲು ಸರಿ ಕಂಡರೂ ಬಾಯಿಯ ಒಳಭಾಗ ಪರೀಕ್ಷಿಸಲು ವೈದ್ಯರನ್ನು ಕೇಳಿ. ಅದು ಸರಿಹೋಗದೆ ಕರುಳಿಗಷ್ಟೇ ಔಷಧ ಕೊಟ್ಟರೆ ತೊಂದರೆ ಮತ್ತೆ ಮರುಕಳಿಸುತ್ತದೆ.